ನೆಲ ಮುಟ್ಟುವಾಗ ಏನೋ ಸರಿಯಿಲ್ಲ: ಸಣ್ಣ ವಿಮಾನಗಳ ಲ್ಯಾಂಡಿಂಗ್ ದೋಷ ನಿವಾರಣೆ ಕೈಪಿಡಿ

ಲ್ಯಾಂಡಿಂಗ್ ಕೆಟ್ಟ ಮೇಲೆ ಹ್ಯಾಂಗರ್‌ಗೆ ಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಥರ. "ಬ್ರೇಕ್ ಹಿಡೀಲಿಲ್ಲ ಸಾರ್", "ಗಾಳಿ ಎತ್ತಿಬಿಡ್ತು", "ಎಡಗಡೆ ಚಕ್ರ ಎಳೀತಿದೆ". ಮೆಕ್ಯಾನಿಕ್ ಜಾಕ್ ಹಾಕಿ, ಚಕ್ರ ತಿರುಗಿಸಿ, ಪೆಡಲ್ ಒತ್ತಿ ನೋಡುತ್ತಾರೆ. ಬಹಳಷ್ಟು ಸಲ ಏನೂ ಕೆಟ್ಟಿರುವುದಿಲ್ಲ. ಕೆಟ್ಟದ್ದು ಫೈನಲ್‌ನಲ್ಲಿ, ಅಂದರೆ ರನ್‌ವೇಗೆ ನೇರವಾಗಿ ಬರುವ ಕೊನೆಯ ಹಂತದಲ್ಲಿ, ಹಿಡಿದ ವೇಗ. ಅದರ ಫಲ ಕಂಡದ್ದು ಒಂದು ಕಿಲೋಮೀಟರ್ ಆಚೆ, ಟಾರಿನ ಮೇಲೆ. ಹಾಗಂತ ಪ್ರತಿ ಸಲ ಪೈಲಟ್‌ನನ್ನೇ ದೂರಿ ಕೂತರೆ ನಿಜವಾಗಿ ಸೋರುತ್ತಿರುವ ಬ್ರೇಕ್ ಸಿಲಿಂಡರ್ ಕಣ್ಣಿಗೆ ಬೀಳುವುದೇ ಇಲ್ಲ. ಎರಡನ್ನೂ ಬೇರೆ ಮಾಡಿ ನೋಡುವುದು ಹೇಗೆ ಅನ್ನುವುದಕ್ಕೇ ಈ ಬರಹ.

ನಾನು ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಮೂಗಿನ ಕೆಳಗೆ ಒಂದು ಚಕ್ರ, ರೆಕ್ಕೆಯ ಕೆಳಗೆ ಎರಡು ಚಕ್ರ ಇರುವ ಸೆಸ್ನಾ 152, 172 ಥರದ ವಿಮಾನಗಳನ್ನು. ಕೊಟ್ಟಿರುವ ಅಂಕಿಗಳು 172ಎಸ್ ಮಾದರಿಯವು. ನಿಮ್ಮ ವಿಮಾನದ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ, ನನ್ನದನ್ನು ಬಿಡಿ. ಓದಿಕೊಂಡು ಒಬ್ಬರೇ ಹೋಗಿ ಪರೀಕ್ಷೆ ಮಾಡುವುದೂ ಬೇಡ. ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಇರಲಿ.

ಯಾವ ಲಕ್ಷಣವೇ ಇರಲಿ, ಮೊದಲು ಖರ್ಚಿಲ್ಲದ ತಪಾಸಣೆ

ಸೀಟಿನಿಂದ ಶುರು ಮಾಡಿ. ಸೆಸ್ನಾ ಸೀಟು ಹಳಿಯ ಮೇಲೆ ಜಾರುತ್ತದೆ, ಹಳಿಯ ತೂತಿಗೆ ಪಿನ್ನು ಇಳಿದರೆ ಮಾತ್ರ ನಿಲ್ಲುತ್ತದೆ. ಸವೆದ ತೂತಿನಲ್ಲಿ ಪಿನ್ನು ಅರ್ಧ ಕೂತು, ಥ್ರಾಟಲ್ ಕೊಟ್ಟ ಕೂಡಲೇ ಸೀಟು ಹಿಂದಕ್ಕೆ ಜಾರಿ, ಕೈ ಯೋಕ್‌ನ (ವಿಮಾನ ನಡೆಸುವ ಹಿಡಿಕೆಯ) ಜೊತೆಗೇ ಹಿಂದೆ ಬಂದ ಅಪಘಾತಗಳಿವೆ. ಬೆಲ್ಟ್ ಹಾಕಿದ ಮೇಲೆ ಮೈಯನ್ನು ಹಿಂದೆ ಮುಂದೆ ಜಗ್ಗಿ ನೋಡಿ. ಸೀಟಿನ ಎತ್ತರವೂ ಮುಖ್ಯ. ನಿನ್ನೆ ದಿಂಬು ಹಾಕಿಕೊಂಡು ಇವತ್ತು ಬಿಟ್ಟರೆ ಕಣ್ಣಿಗೆ ಬೀಳುವ ರನ್‌ವೇ ಚಿತ್ರವೇ ಬದಲಾಗುತ್ತದೆ, ಫ್ಲೇರ್‌ನ, ಅಂದರೆ ನೆಲ ಮುಟ್ಟುವ ಮುಂಚೆ ಮೂಗೆತ್ತುವುದರ, ಅಂದಾಜು ತಪ್ಪುತ್ತದೆ.

ಆಮೇಲೆ ಗಾಳಿಚೀಲ. ಟವರ್ ಹೇಳಿದ್ದು ಸ್ವಲ್ಪ ಹೊತ್ತಿನ ಹಿಂದಿನ ಗಾಳಿ, ಚೀಲ ತೋರಿಸುವುದು ಈಗಿನದು. ಕೊನೆಯದಾಗಿ, ಫೈನಲ್‌ನಲ್ಲಿ ವೇಗಸೂಚಕದ ಮುಳ್ಳು ಯಾವ ಅಂಕಿಯ ಮೇಲಿತ್ತು ಎಂದು ನಿಮ್ಮನ್ನೇ ಕೇಳಿಕೊಳ್ಳಿ. "ಎಪ್ಪತ್ತರ ಆಸುಪಾಸು" ಎಂಬ ಉತ್ತರ ಬಂದರೆ ಮುಂದಿನ ಭಾಗ ನಿಮಗೇ.

ಲಕ್ಷಣ: ಇಳಿಯುವುದೇ ಇಲ್ಲ, ರನ್‌ವೇ ಮೇಲೆ ತೇಲಿಕೊಂಡು ಹೋಗುತ್ತದೆ

ನೆಲಕ್ಕೆ ನಾಲ್ಕೈದು ಅಡಿ ಮೇಲೆ ವಿಮಾನ ಹಾಯಾಗಿ ತೇಲುತ್ತಿರುತ್ತದೆ. ರನ್‌ವೇ ಅಂಕಿ ಹಿಂದೆ ಹೋಯಿತು, ಅರ್ಧ ರನ್‌ವೇ ಹೋಯಿತು, ಆಚೆ ಬೇಲಿ ದೊಡ್ಡದಾಗಿ ಕಾಣತೊಡಗಿತು. ರೆಕ್ಕೆ ನೆಲಕ್ಕೆ ತನ್ನ ಅಗಲಕ್ಕಿಂತ, ಅಂದರೆ 172ರಲ್ಲಿ ಸುಮಾರು 11 ಮೀಟರಿಗಿಂತ, ಹತ್ತಿರ ಬಂದಾಗ ಗಾಳಿಯ ಎಳೆತ ಕಡಿಮೆಯಾಗುತ್ತದೆ. ಹೆಚ್ಚುವರಿ ವೇಗ ಕರಗುವ ಜಾಗ ಸಿಗದೆ ವಿಮಾನ ತೇಲುತ್ತದೆ.

ಮೊದಲ ಅನುಮಾನ ವೇಗದ ಮೇಲೆ. ಶೇ 10ರಷ್ಟು ಹೆಚ್ಚು ವೇಗದಲ್ಲಿ ಬಂದರೆ ಇಳಿಯಲು ಬೇಕಾದ ದೂರ ಶೇ 20ರಷ್ಟು ಹೆಚ್ಚುತ್ತದೆ, ಏಕೆಂದರೆ ಕರಗಿಸಬೇಕಾದ ಶಕ್ತಿ ವೇಗದ ವರ್ಗದಂತೆ ಏರುತ್ತದೆ. ಪೂರ್ತಿ ಫ್ಲಾಪ್‌ನಲ್ಲಿ (ರೆಕ್ಕೆಯ ಹಿಂಬದಿಯಿಂದ ಕೆಳಗಿಳಿಯುವ ಪಟ್ಟಿ) 172ಎಸ್‌ನ ಸಾಮಾನ್ಯ ಅಪ್ರೋಚ್ ವೇಗ 60ರಿಂದ 70 ನಾಟ್ (ಗಾಳಿ, ವಿಮಾನಗಳ ವೇಗದ ಅಳತೆ), ಚಿಕ್ಕ ರನ್‌ವೇಗೆ 61. ಈ 61 ಪೂರ್ತಿ ತೂಕಕ್ಕೆ, ಅಂದರೆ 1,157 ಕೆಜಿಗೆ ಬರೆದದ್ದು. ಒಬ್ಬರೇ ಕೂತು 950 ಕೆಜಿಯಲ್ಲಿ ಬರುತ್ತಿದ್ದರೆ ಅದೇ ಲೆಕ್ಕ 55ರ ಹತ್ತಿರ ಬರುತ್ತದೆ. ಅಂಥ ಹಗುರ ವಿಮಾನವನ್ನು "ಇರಲಿ, ಸೇಫ್ಟಿಗೆ" ಎಂದು 72ರಲ್ಲಿ ತಂದರೆ ತೇಲದೆ ಇನ್ನೇನು ಮಾಡೀತು? ಸೇಫ್ಟಿಗೆಂದು ಸೇರಿಸಿದ ಆ ಹದಿನೇಳು ನಾಟ್ ನಾನು ಕಂಡ ಅತಿ ದುಬಾರಿ ಸೇಫ್ಟಿ.

ಬೆನ್ನಗಾಳಿ ಎರಡನೆಯದು. 172ಎಸ್ ಕೈಪಿಡಿಯ ಪ್ರಕಾರ ಎದುರುಗಾಳಿ 9 ನಾಟ್ ಇದ್ದರೆ ದೂರ ಶೇ 10 ಕಡಿಮೆ. ಬೆನ್ನಗಾಳಿ ಬರೀ 2 ನಾಟ್ ಇದ್ದರೆ ಸಾಕು, ಶೇ 10 ಹೆಚ್ಚು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಮೇಲೆ "ಸ್ವಲ್ಪವೇ ಬೆನ್ನಗಾಳಿ" ಎನ್ನುವ ಮಾತು ಬಾಯಿಗೆ ಬರುವುದಿಲ್ಲ.

ಬೆಂಗಳೂರಿನ ಕಡೆಯವರು ಇನ್ನೊಂದನ್ನು ನೆನಪಿಡಬೇಕು. ಜಕ್ಕೂರು ಏರ್‌ಫೀಲ್ಡಿನ ನೆಲವೇ ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಆ ಎತ್ತರಕ್ಕೆ ಪ್ರಮಾಣಿತ ಉಷ್ಣತೆ 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 30 ಡಿಗ್ರಿ ಇದ್ದರೆ ಗಾಳಿ 5,500 ಅಡಿಯಲ್ಲಿ ಇರಬೇಕಾದಷ್ಟು ತೆಳುವಾಗಿರುತ್ತದೆ. ಮುಳ್ಳು 65 ತೋರಿಸುವಾಗ ವಿಮಾನ ನಿಜವಾಗಿ ಓಡುತ್ತಿರುವುದು 70ಕ್ಕಿಂತ ತುಸು ಹೆಚ್ಚು. ಮುಳ್ಳಿನ ಮೇಲೆ ಹಿಡಿಯಬೇಕಾದ ಅಂಕಿ ಬದಲಾಗುವುದಿಲ್ಲ. ಆದರೆ ನೆಲ ಜೋರಾಗಿ ಹಿಂದೆ ಸರಿದ ಹಾಗೆ ಕಾಣುತ್ತದೆ. ಕಣ್ಣನ್ನು ನಂಬಿ ವೇಗ ಇಳಿಸಲು ಹೋದರೆ ಸ್ಟಾಲ್‌ಗೆ, ಅಂದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾಗದ ಸ್ಥಿತಿಗೆ, ಹತ್ತಿರವಾಗುತ್ತೀರಿ. ಪ್ರಮಾಣಿತ ಸಮುದ್ರಮಟ್ಟದ ಲೆಕ್ಕಕ್ಕೆ ಹೋಲಿಸಿದರೆ ನೆಲದ ಓಟ ಶೇ 18ರಷ್ಟು ಉದ್ದ. ಇದನ್ನೇ ಎಷ್ಟೋ ಜನ "ಬ್ರೇಕ್ ವೀಕ್" ಎಂದು ಡಿಫೆಕ್ಟ್ ಪುಸ್ತಕದಲ್ಲಿ ಬರೆಯುತ್ತಾರೆ.

ವೇಗವೂ ಸರಿ, ಗಾಳಿಯೂ ಸರಿ, ಆದರೂ ತೇಲುತ್ತದೆ ಎಂದರೆ ಯಂತ್ರದ ಕಡೆ ತಿರುಗಿ. ಎಂಜಿನ್ ಬಿಸಿಯಾಗಿರುವಾಗ ಥ್ರಾಟಲ್ ಪೂರ್ತಿ ಹಿಂದೆ ಎಳೆದು ಆರ್‌ಪಿಎಂ ನೋಡಿ. 600-700ರ ಆಸುಪಾಸು ನಿಲ್ಲಬೇಕಾದದ್ದು 900-1,000ದಲ್ಲಿ ನಿಂತರೆ ಪ್ರೊಪೆಲ್ಲರ್ ಇನ್ನೂ ಎಳೆಯುತ್ತಿದೆ ಎಂದೇ ಅರ್ಥ, ಐಡಲ್ ಹೊಂದಿಸಬೇಕು. ಫ್ಲಾಪ್ ಲಿವರ್ 30 ತೋರಿಸಿದರೆ ಸಾಲದು, ಕತ್ತು ತಿರುಗಿಸಿ ಎರಡೂ ಕಡೆ ಇಳಿದಿದೆಯೇ ನೋಡಿ. ವೇಗ ಅಳೆಯಲು ಗಾಳಿ ಹಿಡಿಯುವ ಪಿಟೋ ಕೊಳವೆಯ ಮೇಲೆ ಕವರ್ ಹಾಕದೆ ನಾಲ್ಕು ದಿನ ನಿಲ್ಲಿಸಿದ್ದರೆ ಕಣಜ ಮಣ್ಣಿನ ಗೂಡು ಕಟ್ಟಿರಬಹುದು. ಗೂಡು ಕಂಡರೆ ಊದಬೇಡಿ, ಕಡ್ಡಿ ಹಾಕಬೇಡಿ. ಊದಿದರೆ ಸೂಚಕದ ಒಳಗಿನ ತೆಳು ಡಬ್ಬಿಯೇ ಹಾಳಾಗುತ್ತದೆ. ಎಎಂಇಗೆ (ವಿಮಾನ ನಿರ್ವಹಣಾ ಎಂಜಿನಿಯರ್‌ಗೆ) ಹೇಳಿ, ಅಲ್ಲಿಯವರೆಗೆ ಹಾರಬೇಡಿ.

ತೇಲುತ್ತಿರುವ ಆ ಹೊತ್ತಿಗೆ ಏನು ಮಾಡಬೇಕು ಎಂದರೆ, ನಾನು ಹೇಳಿಕೊಡುವುದು ಒಂದೇ: ರನ್‌ವೇಯ ಮೊದಲ ಮೂರನೇ ಒಂದು ಭಾಗದಲ್ಲಿ ಚಕ್ರ ಮುಟ್ಟಲಿಲ್ಲವೋ, ಗೋ-ಅರೌಂಡ್, ಅಂದರೆ ಇಳಿಯುವುದನ್ನು ಬಿಟ್ಟು ಮೇಲೆದ್ದು ಮತ್ತೊಂದು ಸುತ್ತು. ಯೋಕ್ ಮುಂದೆ ತಳ್ಳಿ ಬಲವಂತವಾಗಿ ಕೂರಿಸಬೇಡಿ. ಹಾಗೆ ಕೂರಿಸಿದವರ ವಿಮಾನವೇ ಕೆಳಗಿನ ಭಾಗದಲ್ಲಿ ಬರುತ್ತದೆ.

ಲಕ್ಷಣ: ಮುಟ್ಟಿ ಮುಟ್ಟಿ ಪುಟಿಯುತ್ತದೆ

ಕೆರೆಯ ಮೇಲೆ ಬಿಲ್ಲೆಕಲ್ಲು ಎಸೆದ ಹಾಗೆ. ಒಮ್ಮೆ ಪುಟಿದು ಸುಮ್ಮನಾದರೆ ಅದು ಬೌನ್ಸ್. ಪುಟಿತ ಪ್ರತಿ ಸಲ ದೊಡ್ಡದಾಗುತ್ತಾ, ಮೂಗಿನ ಚಕ್ರವೇ ಮೊದಲು ಬಡಿಯುತ್ತಿದ್ದರೆ ಅದು ಪಾರ್ಪಾಯಿಸ್, ಅದರ ದಾರಿಯೇ ಬೇರೆ.

ಹೆಚ್ಚಿನ ವೇಗದಲ್ಲಿ ಮೂಗು ತಗ್ಗಿಸಿಕೊಂಡು ಬಂದರೆ ಮೂಗಿನ ಚಕ್ರ ಮೊದಲು ತಾಗುತ್ತದೆ. ತಾಗಿದ ಹೊಡೆತಕ್ಕೆ ಮೂಗು ಮೇಲೇಳುತ್ತದೆ, ರೆಕ್ಕೆಯ ಕೋನ ಹೆಚ್ಚುತ್ತದೆ, ವೇಗ ಇನ್ನೂ ಇರುವುದರಿಂದ ವಿಮಾನ ಮತ್ತೆ ಹಾರುತ್ತದೆ. ಹೆದರಿದ ಪೈಲಟ್ ಯೋಕ್ ಮುಂದೆ ತಳ್ಳುತ್ತಾನೆ. ತಳ್ಳಿದ್ದು ಕೆಲಸ ಮಾಡುವ ಹೊತ್ತಿಗೆ ವಿಮಾನ ತಾನಾಗಿಯೇ ಇಳಿಯತೊಡಗಿರುತ್ತದೆ. ಎರಡನೆಯ ಪೆಟ್ಟು ಮೊದಲಿನದಕ್ಕಿಂತ ಜೋರು. ಮೂರನೆಯದಕ್ಕೆ ಮೂಗಿನ ಕಾಲು ಮುರಿಯುವುದು, ಪ್ರೊಪೆಲ್ಲರ್ ಟಾರು ಕೆರೆಯುವುದು. ಪೈಲಟ್‌ನ ಕೈ ಯಾವಾಗಲೂ ವಿಮಾನಕ್ಕಿಂತ ಅರ್ಧ ಕ್ಷಣ ಹಿಂದೆ. ಎಷ್ಟೇ ಚುರುಕಾದರೂ ಯೋಕ್‌ನಿಂದಲೇ ಅದನ್ನು ತಣಿಸಲು ಆಗುವುದಿಲ್ಲ.

ಬೌನ್ಸ್ ಒಂದೆರಡು ಅಡಿಯದ್ದಾದರೆ ಮೂಗನ್ನು ಇಳಿಯುವ ಕೋನದಲ್ಲೇ ಹಿಡಿದಿಡಿ, ಸ್ವಲ್ಪ ಪವರ್ ಕೊಡಿ, ಮತ್ತೆ ನಿಧಾನ ಕೂರಲಿ. ಅದಕ್ಕಿಂತ ದೊಡ್ಡದಾದರೆ, ಅಥವಾ ಎರಡನೆಯ ಸಲ ಪುಟಿದರೆ, ಥ್ರಾಟಲ್ ಪೂರ್ತಿ ಮುಂದೆ. 152ರಲ್ಲೂ ಹಳೆಯ 172ರಲ್ಲೂ ಕಾರ್ಬ್ಯುರೇಟರ್ ಹೀಟ್ ಗುಂಡಿ ಒಳಗೆ, ಅಂದರೆ ಆಫ್. ಫ್ಲಾಪ್ 20ಕ್ಕೆ, ಒಂದೇ ಸಲ ಸೊನ್ನೆಗೆ ಅಲ್ಲ. ಲ್ಯಾಂಡಿಂಗ್ ವೇಗದಲ್ಲಿ ತಾನಾಗಿ ನಿಲ್ಲುವಂತೆ ಟ್ರಿಮ್ ಮಾಡಿದ ವಿಮಾನ ಪೂರ್ತಿ ಪವರ್ ಸಿಕ್ಕ ಕೂಡಲೇ ಮೂಗು ಆಕಾಶಕ್ಕೆ ಎತ್ತುತ್ತದೆ, ಎಡಕ್ಕೂ ತಿರುಗುತ್ತದೆ. ಮೊದಲ ಸಲ ಅನುಭವಿಸಿದವರು ಯಾರೋ ಯೋಕ್ ಎಳೆದ ಹಾಗಾಯಿತು ಎನ್ನುತ್ತಾರೆ. ಮುಂದೆ ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ಬಲ ರಡ್ಡರ್ (ಬಾಲದ ಚುಕ್ಕಾಣಿಯ ಪೆಡಲ್) ಬೇಕು. ಇದನ್ನು ಮೇಲೆ, ಎತ್ತರದಲ್ಲಿ, ಹತ್ತು ಸಲ ಮಾಡಿ ಅಭ್ಯಾಸ ಇಲ್ಲದಿದ್ದರೆ ರನ್‌ವೇ ಮೇಲೆ ಬರುವುದಿಲ್ಲ.

ಗೋ-ಅರೌಂಡ್ ಬಗ್ಗೆ ನಮ್ಮಲ್ಲಿ ಒಂದು ನಾಚಿಕೆ ಇದೆ. ದೊಡ್ಡ ವಿಮಾನದ ಉದಾಹರಣೆಯಾದರೂ ಹೇಳುತ್ತೇನೆ. 2010ರ ಮೇ 22ರಂದು ಮಂಗಳೂರಿನಲ್ಲಿ ಬೋಯಿಂಗ್ 737 ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ತೀರಿಕೊಂಡರು. ಸಹ ಪೈಲಟ್ ಮೂರು ಸಲ ಗೋ-ಅರೌಂಡ್ ಎಂದಿದ್ದರೂ ಅಸ್ಥಿರ ಅಪ್ರೋಚ್ ಅನ್ನು ಮುಂದುವರಿಸಿದ್ದೇ ನೇರ ಕಾರಣ ಎಂದು ತನಿಖೆ ಹೇಳಿತು. ಅಷ್ಟು ದೊಡ್ಡ ವಿಮಾನದಲ್ಲೂ ರೋಗ ಇದೇ.

ಬೌನ್ಸ್ ಆದ ಮೇಲಿನ ತಪಾಸಣೆ ಹಲವರು ಬಿಟ್ಟುಬಿಡುವಂಥದ್ದು. ಎಂಜಿನ್ ನಿಲ್ಲಿಸಿ, ಮ್ಯಾಗ್ನೆಟೋ ಕೀಲಿ ಕೈಯಲ್ಲಿ ಹಿಡಿದುಕೊಂಡೇ ಮೂಗಿನ ಹತ್ತಿರ ಹೋಗಿ. ಕೀಲಿ ತೆಗೆದಿದ್ದರೂ ಪ್ರೊಪೆಲ್ಲರ್‌ಗೆ ಜೀವ ಇದೆ ಎಂದೇ ತಿಳಿಯಿರಿ. ಮ್ಯಾಗ್ನೆಟೋದ ಅರ್ತ್ ತಂತಿ ತುಂಡಾಗಿದ್ದರೆ ಕೈಯಿಂದ ತಿರುಗಿಸಿದ್ದಕ್ಕೇ ಎಂಜಿನ್ ಹೊತ್ತಿಕೊಳ್ಳಬಹುದು. ಮೂಗಿನ ಸ್ಟ್ರಟ್‌ನಲ್ಲಿ (ಹೊಡೆತ ಹೀರುವ ಕಾಲಿನಲ್ಲಿ) ಹೊಳೆಯುವ ಉಕ್ಕು ಎಷ್ಟು ಬೆರಳು ಕಾಣುತ್ತಿದೆ, ಬೆಳಿಗ್ಗೆ ಎಷ್ಟಿತ್ತು? ಪೂರ್ತಿ ಕುಸಿದು ಕೂತಿದ್ದರೆ, ಕೆಂಪು ಎಣ್ಣೆ ಸೋರಿದ್ದರೆ, ಸೀಲು ಹೋಗಿದೆ.

ಫೈರ್‌ವಾಲ್‌ನ ಕತೆಯೇ ಬೇರೆ. 172ರಲ್ಲಿ ಮೂಗಿನ ಕಾಲು ಹಿಡಿದುಕೊಂಡಿರುವುದು ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತೆಳು ತಗಡನ್ನು. ಒಮ್ಮೆ "ಸ್ವಲ್ಪ ಜೋರಾಗಿ ಕೂತಿತು, ಅಷ್ಟೇ" ಎಂದು ಬಿಟ್ಟುಹೋದ ವಿಮಾನವೊಂದನ್ನು ಹಿರಿಯ ಮೆಕ್ಯಾನಿಕ್ ಒಬ್ಬರು ನೋಡುತ್ತಿದ್ದರು. ರಡ್ಡರ್ ಪೆಡಲ್‌ಗಳ ಹಿಂದೆ ತಲೆ ತೂರಿಸಿ ಮಲಗಿ, ಟಾರ್ಚನ್ನು ನೇರ ಬಿಡದೆ ಗೋಡೆಗೆ ಓರೆಯಾಗಿ ಹಿಡಿದರು. ನೇರ ಬೆಳಕಿನಲ್ಲಿ ಸಪಾಟಾಗಿದ್ದ ತಗಡಿನ ಮೇಲೆ ಇಸ್ತ್ರಿ ಮಾಡದ ಬಟ್ಟೆಯ ಹಾಗೆ ಎರಡು ಸುಕ್ಕು ಎದ್ದು ಬಂದವು. ಹೆಬ್ಬೆರಳು ಆಡಿಸಿ, "ಇಲ್ಲಿ ಮುಟ್ಟಿ ನೋಡಿ" ಎಂದರು. ಪಕ್ಕದ ನಾಲ್ಕು ರಿವೆಟ್‌ಗಳ ಸುತ್ತ ಬಣ್ಣ ಉಂಗುರದ ಹಾಗೆ ಬಿರಿದಿತ್ತು. ಆ ವಿಮಾನ ಬೌನ್ಸ್ ಆದ ಮೇಲೂ ಎರಡು ದಿನ ಹಾರಿತ್ತು. ಸುಕ್ಕು ಕಂಡರೆ ಹಾರಾಟ ಅಲ್ಲಿಗೇ ನಿಲ್ಲಬೇಕು, ಎಎಂಇ ಸಹಿ ಆಗುವ ತನಕ.

ಲಕ್ಷಣ: ಧೊಪ್ ಎಂದು ಬೀಳುತ್ತದೆ

ಎರಡು ಬಗೆ. ಎತ್ತರದಲ್ಲೇ ಫ್ಲೇರ್ ಮಾಡಿ ವೇಗ ಕಳೆದುಕೊಂಡು ಮೇಲಿಂದ ಬೀಳುವುದು ಒಂದು. ಫ್ಲೇರ್ ತಡವಾಗಿ ನೇರ ಹೋಗಿ ಬಡಿಯುವುದು ಇನ್ನೊಂದು. ಕೂತ ಮರುಕ್ಷಣ "ಸ್ಟಾಲ್ ಹಾರ್ನ್ ಎಷ್ಟು ಹೊತ್ತು ಕೂಗಿತು?" ಎಂದು ಕೇಳಿಕೊಳ್ಳಿ. ಉದ್ದಕ್ಕೂ ಕೂಗಿ ಬಿದ್ದರೆ ಮೊದಲನೆಯದು. ಕೂಗಲೇ ಇಲ್ಲವಾದರೆ ಎರಡನೆಯದು.

ಕಣ್ಣು ಎಲ್ಲಿತ್ತು ಎಂಬುದೇ ಇಲ್ಲಿನ ಅಗ್ಗದ ತಪಾಸಣೆ. ಮೂಗಿನ ಮುಂದಿನ ಟಾರನ್ನೇ ನೋಡುತ್ತಿದ್ದರೆ ನೆಲ ಜೋರಾಗಿ ಏರಿ ಬಂದ ಹಾಗೆ ಕಂಡು ಬೇಗ ಎಳೆಯುತ್ತೀರಿ. ನೋಟ ರನ್‌ವೇಯ ಆ ತುದಿಗೆ ಹೋಗಲಿ. ಅಗಲವಾದ ರನ್‌ವೇಯಲ್ಲಿ ಕಲಿತವರು ಕಿರಿದಾದ ಕಡೆ ಬಂದಾಗ ತಾವು ಎತ್ತರದಲ್ಲಿದ್ದೇವೆ ಎಂದು ಭ್ರಮಿಸಿ ತಗ್ಗಾಗಿ ಬರುತ್ತಾರೆ. ಕಿರಿದಾದ ಕಡೆ ಕಲಿತವರು ಅಗಲವಾದ ಕಡೆ ಬೇಗನೆ ಫ್ಲೇರ್ ಮಾಡಿ ಬೀಳುತ್ತಾರೆ. ರನ್‌ವೇ ಪಕ್ಕ ಇಳಿಯುವ ಕೋನ ತೋರಿಸುವ ಪಾಪಿ ದೀಪ ಇದ್ದರೆ ಎರಡು ಬಿಳಿ ಎರಡು ಕೆಂಪು ನೋಡಿಕೊಂಡು ಬನ್ನಿ. ಹೆಸರು ಪಾಪಿ, ಕೆಲಸ ಪುಣ್ಯದ್ದು.

ಲಕ್ಷಣ: ಚಕ್ರ ಮುಟ್ಟಿದ ಕೂಡಲೇ ಒಂದು ಕಡೆಗೆ ಎಳೆಯುತ್ತದೆ

ಅಡ್ಡಗಾಳಿ ಇತ್ತೇ? ಮೂಗು ರನ್‌ವೇಗೆ ನೇರವಾಗದೆ ಕೂತಿತೇ? ಕೂತ ಮೇಲೆ ಗಾಳಿ ಬರುವ ಕಡೆಗೆ ಐಲೆರಾನ್ (ವಿಮಾನ ವಾಲಿಸುವ ರೆಕ್ಕೆಯ ಪಟ್ಟಿ) ತಿರುಗಿಸಿ ಹಿಡಿದಿರಾ, ಅಥವಾ "ಆಯ್ತಪ್ಪಾ ಇಳಿದೆವು" ಎಂದು ಕೈ ಬಿಟ್ಟಿರಾ? 172ಎಸ್‌ನಲ್ಲಿ ಪರೀಕ್ಷಿಸಿ ತೋರಿಸಿದ ಅಡ್ಡಗಾಳಿ 15 ನಾಟ್. ಅದು ವಿಮಾನದ ಅಂಕಿ. ಹೊಸಬರಿಗೆ ಏಳೆಂಟು ಸಾಕು.

ಪಾದ ಎಲ್ಲಿತ್ತು ನೋಡಿ. ಬ್ರೇಕ್ ಇರುವುದು ಪೆಡಲ್‌ನ ಮೇಲ್ತುದಿಯಲ್ಲಿ. ಹಿಮ್ಮಡಿ ನೆಲದ ಮೇಲಿರದೆ ಪೂರ್ತಿ ಪಾದ ಪೆಡಲ್ ಮೇಲಿದ್ದರೆ ರಡ್ಡರ್ ಒತ್ತಿದ್ದೆ ಎಂದುಕೊಂಡು ಬ್ರೇಕ್ ಒತ್ತಿರುತ್ತೀರಿ. ಟೈರಿನ ಮೇಲೆ ಅಂಗೈಯಗಲ ಸಪಾಟಾದ ಸವೆತ ಇದ್ದರೆ ಅದೇ ಸಾಕ್ಷಿ.

ಗಾಳಿಯೇ ಇಲ್ಲದ ಮುಂಜಾನೆ, ಬೇರೆ ಬೇರೆ ಪೈಲಟ್‌ಗಳ ಕೈಯಲ್ಲೂ, ಒಂದೇ ಕಡೆಗೆ ಎಳೆದರೆ ಆಗ ವಿಮಾನದ ತಪ್ಪು. ಎರಡೂ ಟೈರಿನ ಒತ್ತಡ ಗೇಜಿನಲ್ಲಿ ನೋಡಿ, ಕಾಲಲ್ಲಿ ಒದ್ದಲ್ಲ. ಟ್ಯಾಕ್ಸಿ ಮಾಡಿ ಬಂದ ಮೇಲೆ ಒಂದು ಬ್ರೇಕ್ ಡಿಸ್ಕ್ ಮಾತ್ರ ಸುಡುತ್ತಿದ್ದರೆ ಅದು ಬಿಡದೆ ಹಿಡಿದುಕೊಂಡಿದೆ. ಕೈಯನ್ನು ಹತ್ತಿರ ತಂದರೆ ಸಾಕು, ಮುಟ್ಟಬೇಡಿ. ಇದರಾಚೆ ಸ್ಟಿಯರಿಂಗ್ ರಾಡ್, ಬೇರಿಂಗ್ ಎಲ್ಲ ಎಎಂಇ ಕೆಲಸ.

ಲಕ್ಷಣ: ಮೂಗಿನ ಚಕ್ರ ಗಡಗಡ ನಡುಗುತ್ತದೆ

ಡ್ಯಾಶ್‌ಬೋರ್ಡ್ ಓದಲಾಗದಷ್ಟು ಅಲುಗಾಟ. ಯೋಕ್ ಹಿಂದಕ್ಕೆ ಎಳೆದು ಮೂಗಿನ ಭಾರ ಇಳಿಸಿ, ಬ್ರೇಕ್ ಒತ್ತಬೇಡಿ, ವೇಗ ಇಳಿದಂತೆ ನಿಲ್ಲುತ್ತದೆ. ನಿಲ್ಲಿಸಿದ ಮೇಲೆ ಮೊದಲು ಟೈರಿನ ಒತ್ತಡ ಮತ್ತು ಸವೆತ, ಆಮೇಲೆ ಈ ನಡುಕ ತಡೆಯುವ ಶಿಮ್ಮಿ ಡ್ಯಾಂಪರ್ ಸೋರಿದೆಯೇ, ಕತ್ತರಿಯಾಕಾರದ ಟಾರ್ಕ್ ಲಿಂಕಿನ ಬೋಲ್ಟು ಸಡಿಲವೇ. ಮೂಗೆತ್ತಲು ಬಾಲದ ಚಪ್ಪಟೆ ರೆಕ್ಕೆಯನ್ನು ಒತ್ತಬೇಡಿ, ಅದು ಒಳಗೆ ಬಿರುಕು ಬಿಡುತ್ತದೆ. ಟೋ-ಬಾರ್ (ವಿಮಾನ ಎಳೆಯುವ ಸರಳು) ಇಟ್ಟುಕೊಂಡವರಿಗೂ ಈ ಅಭ್ಯಾಸ ಹೋಗಿಲ್ಲ.

ಲಕ್ಷಣ: ಬ್ರೇಕ್ ಹಿಡಿಯುವುದಿಲ್ಲ

ನಿಂತಿರುವಾಗಲೇ ಒತ್ತಿ. ಪೆಡಲ್ ಗಟ್ಟಿಯಿದ್ದು ವಿಮಾನ ಮಾತ್ರ ನಿಲ್ಲದಿದ್ದರೆ ಮೇಲಿನ ತೇಲುವ ಭಾಗಕ್ಕೆ ಹಿಂದಿರುಗಿ, ನೀವು ಜೋರಾಗಿ ಬಂದಿದ್ದಿರಿ. ಪೆಡಲ್ ಆಳಕ್ಕೆ ಹೋಗಿ, ಎರಡು ಮೂರು ಸಲ ಪಂಪ್ ಮಾಡಿದರೆ ಮೇಲೆ ಬಂದರೆ ಗಾಳಿ ಸೇರಿದೆ ಅಥವಾ ಎಣ್ಣೆ ಕಡಿಮೆಯಾಗಿದೆ. ಚಕ್ರದ ಒಳಬದಿಯಲ್ಲಿ ಕೆಂಪು ಗೀರು ಹುಡುಕಿ. ಕಾರಿನ ಬ್ರೇಕ್ ಆಯಿಲ್ ಮಾತ್ರ ಹಾಕಬೇಡಿ; ಇದು ಖನಿಜ ಎಣ್ಣೆ, ಕಾರಿನದು ಬೇರೆ ಜಾತಿ, ಸೀಲುಗಳೆಲ್ಲ ಉಬ್ಬಿ ಹಾಳಾಗುತ್ತವೆ.

ಮಳೆಗಾಲದಲ್ಲಿ ಬ್ರೇಕ್ ಸರಿಯಿದ್ದೂ ಹಿಡಿಯದಿರಬಹುದು. ನಿಂತ ನೀರಿನ ಮೇಲೆ ಟೈರು ತೇಲತೊಡಗುವ ವೇಗಕ್ಕೆ ಹಳೆಯ ಸೂತ್ರವಿದೆ: ಪಿಎಸ್‌ಐ ಒತ್ತಡದ ವರ್ಗಮೂಲವನ್ನು 9ರಿಂದ ಗುಣಿಸಿ. 36 ಪಿಎಸ್‌ಐಗೆ 54 ನಾಟ್. ಗಾಳಿ ಇಳಿದು 25 ಆಗಿದ್ದರೆ 45 ನಾಟ್‌ಗೇ ತೇಲುತ್ತದೆ. ತೇಲುವಾಗ ಬ್ರೇಕ್ ಒತ್ತಿದರೆ ಚಕ್ರ ಲಾಕ್ ಆಗುತ್ತದೆ, ಅಷ್ಟೇ.

ಲಕ್ಷಣ: ಬೇಸ್‌ನಿಂದ ಫೈನಲ್‌ಗೆ ತಿರುಗುವಾಗ ರನ್‌ವೇ ದಾಟಿ ಹೋಗುತ್ತದೆ

ಇಲ್ಲಿಯವರೆಗಿನವು ಹೆಚ್ಚಾಗಿ ತಗಡು ಮುರಿಯುವಂಥವು. ಇದು ಜೀವ ತೆಗೆಯುವಂಥದ್ದು. ಬೇಸ್ ಅಂದರೆ ಫೈನಲ್‌ಗೆ ತಿರುಗುವ ಮುಂಚಿನ ಅಡ್ಡ ಹಾದಿ. ರನ್‌ವೇ ಸಾಲು ದಾಟಿತು ಎಂದು ಇನ್ನಷ್ಟು ವಾಲಿಸಿ, ಒಳಗಡೆ ರಡ್ಡರ್ ಒತ್ತಿ, ಮೂಗು ಎಳೆದು ಹಿಡಿದರೆ ಆ ಎತ್ತರದಲ್ಲಿ ಸ್ಪಿನ್‌ನಿಂದ (ಸ್ಟಾಲ್ ಆಗಿ ಸುತ್ತುತ್ತಾ ಬೀಳುವುದರಿಂದ) ಹೊರಬರಲು ಜಾಗ ಇರುವುದಿಲ್ಲ. ಫ್ಲಾಪ್ ಇಲ್ಲದೆ 48 ನಾಟ್‌ನಲ್ಲಿ ಸ್ಟಾಲ್ ಆಗುವ ವಿಮಾನ ಎತ್ತರ ಹಿಡಿದು 45 ಡಿಗ್ರಿ ವಾಲಿದರೆ 57ರಲ್ಲೇ ಆಗುತ್ತದೆ. 60 ಡಿಗ್ರಿಗೆ 68. ಕಾರಣ ಸಾಮಾನ್ಯವಾಗಿ ಬೇಸ್‌ನಲ್ಲಿ ಬೆನ್ನಹಿಂದಿನ ಗಾಳಿ, ಇಲ್ಲವೇ ರನ್‌ವೇಗೆ ತೀರ ಹತ್ತಿರ ಹಾರಿದ ಡೌನ್‌ವಿಂಡ್ (ಬೇಸ್‌ಗೂ ಮುಂಚಿನ, ರನ್‌ವೇಗೆ ಸಮಾನಾಂತರ ಹಾದಿ). 30 ಡಿಗ್ರಿಗಿಂತ ಹೆಚ್ಚು ವಾಲಿಸಬೇಕೆನಿಸಿತೇ? ರೆಕ್ಕೆ ನೇರ ಮಾಡಿ, ಪವರ್ ಕೊಡಿ, ಮತ್ತೊಂದು ಸುತ್ತು ಬನ್ನಿ.

ಇಲ್ಲಿಗೆ ನಿಲ್ಲಿಸಿ, ಸಹಾಯ ಕರೆಯಿರಿ

ಪ್ರೊಪೆಲ್ಲರ್ ಏನನ್ನಾದರೂ ತಾಗಿದ್ದರೆ, ಹುಲ್ಲೇ ಆಗಲಿ, ಎಂಜಿನ್ ನಿಲ್ಲದೇ ಓಡಿದ್ದರೂ ಸರಿ, ಮುಂದಿನ ಹಾರಾಟ ಇಲ್ಲ. ಪೆಟ್ಟು ಕ್ರ್ಯಾಂಕ್‌ಶಾಫ್ಟ್ ಹಿಂದಿನ ಗೇರಿಗೆ ಹೋಗಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಲೈಕಮಿಂಗ್ ಎಂಜಿನ್‌ಗಳಿಗೆ ಇದರ ತಪಾಸಣೆ ಕಡ್ಡಾಯ. ಬ್ಲೇಡನ್ನು ಅರದಿಂದ ಉಜ್ಜಿ ನೇರ ಮಾಡಿ "ಏನೂ ಆಗಿಲ್ಲ" ಎಂದವರನ್ನು ನಂಬಬೇಡಿ, ಅವರ ಜೊತೆ ಹಾರಲೂಬೇಡಿ.

ರನ್‌ವೇ ದಾಟಿ ಮುಂದೆ ಹೋಗುವುದು ಖಚಿತ ಎನಿಸಿದರೆ ನಿಲ್ಲುವ ಮುಂಚೆಯೇ ಬಾಗಿಲಿನ ಲಾಕ್ ಬಿಡಿಸಿ. ಚೌಕಟ್ಟು ಸೊಟ್ಟಗಾದರೆ ಆಮೇಲೆ ತೆರೆಯುವುದಿಲ್ಲ. ಮಿಕ್ಸ್ಚರ್ ಕಟ್, ಇಂಧನ ಆಫ್, ಮ್ಯಾಗ್ನೆಟೋ ಆಫ್, ಮಾಸ್ಟರ್ ಆಫ್. ಸೆಸ್ನಾದಲ್ಲಿ ಇಂಧನ ತಲೆಯ ಮೇಲಿನ ರೆಕ್ಕೆಯಲ್ಲಿದೆ, ಸೋರಿದರೆ ನಿಮ್ಮ ಮೇಲೇ. ಇಳಿದು ಗಾಳಿ ಬರುವ ಕಡೆಗೆ ನಡೆಯಿರಿ, ಪ್ರೊಪೆಲ್ಲರ್ ಕಡೆಗಲ್ಲ. ಬ್ಯಾಗಿಗೆಂದು ಮತ್ತೆ ಒಳಗೆ ಹೋಗಬೇಡಿ. ಏರ್‌ಫೀಲ್ಡ್ ಹೊರಗಿದ್ದರೆ 112ಕ್ಕೆ ಕರೆ ಮಾಡಿ.

ಅಪಘಾತವಾದರೆ ನಾಗರಿಕ ವಿಮಾನಯಾನ ನಿಯಂತ್ರಕ ಡಿಜಿಸಿಎಗೂ ವಿಮಾನ ಅಪಘಾತ ತನಿಖಾ ಬ್ಯೂರೋಗೂ ತಿಳಿಸಬೇಕು. ಜನರನ್ನು ಹೊರತೆಗೆಯಲು, ಬೆಂಕಿ ನಂದಿಸಲು ಬೇಕಾದಷ್ಟು ಬಿಟ್ಟರೆ ವಿಮಾನವನ್ನು ಅಲುಗಾಡಿಸಬಾರದು. ಫ್ಲಾಪ್ ಲಿವರ್, ಟ್ರಿಮ್ ಚಕ್ರ, ಥ್ರಾಟಲ್ ಇದ್ದಲ್ಲೇ ಇರಲಿ. ಸುರಕ್ಷತೆಗೆಂದು ಆಫ್ ಮಾಡಿದ್ದನ್ನು ಮಾತ್ರ ಬರೆದಿಡಿ, ಯಾವುದನ್ನು ಎಷ್ಟು ಹೊತ್ತಿಗೆ ಮುಟ್ಟಿದಿರಿ ಎಂದು.